ನಾಲ್ಕು ಮಡಿಕೆಯ ಬಟ್ಟೆ

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಕ್ಕ, ತಮ್ಮ ನಿಂತಿದ್ದರು. ತಮ್ಮನ ಕೈಯಲ್ಲಿ ಮಸಿ ಹಿಡಿದ ಸ್ಪಾರ್ಕ್ ಪ್ಲಗ್‌ಗಳಿದ್ದವು.

"ಪ್ಲಗ್ ಬದಲಾಯಿಸಿದ್ರೆ ಅಪ್ಪನ ಕಾರು ಮೊದಲಿನ ಹಾಗೆ ಓಡುತ್ತಾ?"

"ಮಸಿ ಹಿಡಿದಿದ್ದೇ ಗಾಳಿ ಸಾಲದೆ, ಅಕ್ಕ. ಏರ್ ಫಿಲ್ಟರ್ ಪೈಪಲ್ಲಿ ಬಟ್ಟೆ ತುರುಕಿತ್ತು. ಎಂಜಿನ್ನಿಗೆ ಉಸಿರಾಡೋಕೇ ಆಗ್ತಿರಲಿಲ್ಲ."

"ಇಲಿ ಎಳ್ಕೊಂಡು ಹೋಗಿರುತ್ತೆ."

"ಇಲಿ ನಾಲ್ಕು ಮಡಿಕೆ ಮಾಡಿ ಇಡುತ್ತಾ?"

"ನನ್ನ ಮುಖ ಯಾಕೆ ನೋಡ್ತೀಯ?"

"ಕಾರನ್ನ ಗುಜರಿಗೆ ಹಾಕಿ ಅಂತ ಬಡ್ಕೊಳ್ತಿರೋದು ನೀನು ತಾನೇ?"

"ಬಡ್ಕೊಂಡೆ, ನಿಜ. ನಂಗೆ ಬಾನೆಟ್ ತೆಗೆಯೋಕೂ ಬರಲ್ಲ. ಎಲ್ಲಿ, ಬಟ್ಟೆ ತೋರಿಸು."

ಅವನು ಜೇಬಿನಿಂದ ತೆಗೆದುಕೊಟ್ಟ. ಅಕ್ಕ ತಿರುಗಿಸಿ ತಿರುಗಿಸಿ ನೋಡಿದಳು.

"ಅಂಚು ಒಳಗೆ ಸೇರಿಸಿ ಮಡಚಿದೆ. ನಮ್ಮನೇಲಿ ಹೀಗೆ ಮಡಚೋದು ಯಾರು?"

"ಅಮ್ಮನಾ? ಅಮ್ಮನಿಗೆ ಕಾರಿನ ವಿಷಯ ಏನು ಗೊತ್ತು?"

"ಅಪ್ಪ ರಿಪೇರಿ ಮಾಡುವಾಗೆಲ್ಲ ಟಾರ್ಚ್ ಹಿಡ್ಕೊಂಡು ನಿಲ್ತಿದ್ದಿದ್ದು ಯಾರು?"

"ಅಮ್ಮ ಯಾಕೆ ಹೀಗೆ ಮಾಡ್ಬೇಕು?"

"ಮೊನ್ನೆ ಅಪ್ಪ ನಮ್ಮ ಗೇಟಿಗೇ ಗುದ್ದಿ, ಗೇಟು ಕಾಣಲಿಲ್ಲ ಅಂದ್ರಲ್ಲ. ಕೀ ಕೊಡಿ ಅಂದ್ರೆ ಮನೆ ರಣರಂಗ ಆಗುತ್ತೆ. ಕಾರಿಗೇ ಸುಸ್ತಾದ್ರೆ ಯಾರ ಜೊತೆ ಜಗಳ ಆಡೋದು?"

ಅಂಗಡಿಯವನು ಕರೆದ. "ಏನು ಬೇಕಿತ್ತು?"

ತಮ್ಮ ಪ್ಲಗ್‌ಗಳನ್ನು ಜೇಬಿಗೆ ಹಾಕಿಕೊಂಡ. "ಏನೂ ಬೇಡ."

ಇಬ್ಬರೂ ಬಾಗಿಲ ಕಡೆ ನಡೆದರು.

"ಬಟ್ಟೆ ಕೊಡಕ್ಕ, ಇದ್ದ ಜಾಗದಲ್ಲೇ ಇಡ್ತೀನಿ."

"ಬಿಚ್ಚಿಬಿಟ್ಟೀಯ ಮತ್ತೆ. ನಿಂಗೆ ಹಾಗೆ ಮಡಚೋಕೆ ಬರಲ್ಲ."