ಮೊಳೆಯಿಲ್ಲದ ದೋಣಿಗೆ ಒಂದು ಮೊಳೆ

ನನಗೆ ಅರಳುಮರಳು ಎನ್ನುವವರು ಬಾಯಿ ಮುಚ್ಚಿಕೊಂಡು ಕೇಳಿ. ಮೊನ್ನೆ ಹೊನ್ನಾವರ ಬಸ್ ಸ್ಟ್ಯಾಂಡಿನಲ್ಲಿ ಕಿವಿಗೆ ಬಿದ್ದದ್ದನ್ನು ಒಂದು ಮಾತೂ ಬಿಡದೆ ಹೇಳುತ್ತೇನೆ. ಪಕ್ಕದ ಬೆಂಚಿನಲ್ಲಿ ಕರ್ಕಿಯ ದೇವರಾಜ, ಅವನ ಹೆಂಡತಿ ಹೊನ್ನಿ. ಹಿಂದಿನವರು ನೀರಿನ ಮೇಲೆ ಹೇಗೆ ಓಡಾಡಿದರು ಎಂದು ತಿಳಿಯುವ ಹಟಕ್ಕೆ ಬಿದ್ದು, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಅವನೊಂದು ದೋಣಿ ಕಟ್ಟಿದ್ದ. ಮರುದಿನವೇ ಶರಾವತಿಗೆ ಇಳಿಸುವುದಿತ್ತು.

"ಒಂದೂ ಮೊಳೆ ಇಲ್ಲ ಅಂತ ಊರಿಗೆಲ್ಲ ಹೇಳ್ಕಂಡು ಬಂದಿದ್ದೆ. ಮುಂದಿನ ಹಲಗೆಗೆ ಮೊಳೆ ಹೊಡ್ದದ್ದು ಯಾರು?"

"ನಾನೇ."

"ಎಂತಕ್ಕೆ ಮಾರಾಯ್ತಿ?"

"ದೃಷ್ಟಿಗೆ. ಚೂರೂ ಕಬ್ಬಿಣ ಇಲ್ದಿದ್ದ ದೋಣೀಲಿ ಗಂಡನ್ನ ಕಳ್ಸೂಕೆ ನಂಗೆ ಹುಚ್ಚಾ?"

"ಹಳೇ ಕಾಲದವ್ರು ಹಾಂಗೇ ಅರಬಸ್ತಾನಕ್ಕೆ ಹೋಗಿ ಬಂದಾರೆ."

"ಬಂದವ್ರು ಹೇಳ್ಕಂಡ್ರು. ಬರದೇ ಇದ್ದವ್ರನ್ನ ಕೇಳಿದ್ಯಾ?"

"ಮನೆಗೆ ಹೋದವ್ನೇ ಅದನ್ನ ಕೀಳ್ತೆ."

"ಕಿತ್ರೆ ತೂತು ಬೀಳ್ತದೆ."

"ನಾರು ತುರುಕ್ತೆ."

"ಆದ್ರೂ ನೀರು ಬಂದ್ರೆ?"

"ಮೊಗೆದು ಹೊರಗೆ ಚೆಲ್ಲೂದು."

"ಹುಟ್ಟು ಹಾಕೂದು ನೀನು. ಮೊಗೆಯೂದು ಯಾರು?"

ದೇವರಾಜ ಬಸ್ಸು ಬರುವ ದಿಕ್ಕಿಗೆ ಕತ್ತು ತಿರುಗಿಸಿದ.

"ಆತು, ಕೀಳು. ನಾನೂ ಬತ್ತೆ, ತಂಬಿಗೆ ಹಿಡ್ಕಂಡು ಕೂತ್ಕಂತೆ."

"ನಿಂಗೆ ಈಜೂಕೆ ಬತ್ತದ್ಯಾ?"

"ಇಲ್ಲ. ಅದ್ಕೇ ಚಲೋ ಮೊಗೀತೆ."

ಕುಮಟೆಯ ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಇದನ್ನು ಹೆಂಡತಿ ಇರುವವರಿಗೆ ಮೊದಲು ಕಳಿಸಿ, ದೋಣಿ ಇರುವವರಿಗೆ ಆಮೇಲೆ.