ಸೈದಾನಬಿ ಗುರುತಿಸಿದ ಕಣಜ

ಅಧ್ಯಕ್ಷರಾದ ಅಂಬಾರಾಯ ಮಾಸ್ತರರೇ, ಕಲಬುರಗಿಯಿಂದ ದಯಮಾಡಿಸಿದ ಅತಿಥಿಗಳೇ, ಕಾಳಗಿಯ ತಾಯಂದಿರೇ, ಹಿರಿಯರೇ, ಸಭಿಕರೇ,

ಪುರಾತತ್ವ ಇಲಾಖೆಯ ನೌಕರಿ ಮುಗಿಸಿದ ಈ ರೇವಣಸಿದ್ದಯ್ಯನಿಗೆ ಸನ್ಮಾನ ಮಾಡಿದ್ದೀರಿ. ನಿಮ್ಮೂರ ದಿಬ್ಬದಲ್ಲಿ ಎರಡು ಸಾವಿರ ವರ್ಷದ ಕಣಜವನ್ನು ಗುರುತಿಸಿದ ಪಂಡಿತ ಎಂದು ಮಾನಪತ್ರದಲ್ಲಿ ಬರೆದಿದ್ದೀರಿ. ನಾನು ಪಂಡಿತನೇ? ನಾನು ನಕ್ಷೆ ಬರೆಯುವವನು. ಮೂವತ್ತು ವರ್ಷ ಅಳತೆಪಟ್ಟಿ ಹಿಡಿದು ನಿಂತದ್ದಕ್ಕೆ ಮೊಣಕಾಲು ಹೋಗಿವೆಯೇ ಹೊರತು ಪಾಂಡಿತ್ಯ ಬಂದಿಲ್ಲ.

ಐವತ್ತೊಂದನೇ ಇಸವಿಯ ಬೇಸಿಗೆಯಲ್ಲಿ ಆ ದಿಬ್ಬ ಅಗೆದೆವು. ಹಸಿ ಇಟ್ಟಿಗೆಯ ಆರು ಕೋಣೆಗಳು ಹೊರಬಂದವು. ಒಂದಕ್ಕೂ ಬಾಗಿಲಿಲ್ಲ. ಸೆರೆಮನೆ ಎಂದರು ನಮ್ಮ ಸಾಹೇಬರು. ನಕ್ಷೆಯ ಮೇಲೆ ನಾನೂ ಹಾಗೆಯೇ ಬರೆದೆ. ಮಣ್ಣು ಹೊರಲು ಬರುತ್ತಿದ್ದ ನಿಮ್ಮೂರ ಸೈದಾನಬಿ ಬುಟ್ಟಿ ಇಳಿಸಿ, ಗೋಡೆಯ ಒಳಮೈ ಸವರಿ ಹೇಳಿದಳು:

“ಅಯ್ಯನೋರ, ಮಂದೀನ ಕೂಡಿಹಾಕೋ ಖೋಲಿಗೆ ಇಷ್ಟು ನುಣ್ಣಗ ಯಾರು ಸಾರಸ್ತಾರ್ರಿ? ಇದು ಕಾಳು ತುಂಬೋದು. ಮ್ಯಾಲಿಂದ ಸುರೀತಾರ. ಹುಳ ಹತ್ತಬಾರ್ದಂತ ತಳಕ್ಕ ಬೂದಿ ಹಾಕ್ಯಾರ ನೋಡ್ರಿ.”

ಮರುದಿನ ಆ ಬೂದಿಯಲ್ಲಿ ಸುಟ್ಟು ಕಪ್ಪಾದ ಕಾಳು ಸಿಕ್ಕವು. ವರದಿಯಲ್ಲಿ ಮಾತ್ರ ಕಣಜ ಗುರುತಿಸಿದವನು ನಾನೆಂದಾಯಿತು. ನಾನು ತಿದ್ದಲಿಲ್ಲ.

ಹಸಿ ಇಟ್ಟಿಗೆ ನೀರು ಕಂಡರೆ ಕರಗುತ್ತದೆ. ಮಳೆಗಾಲಕ್ಕೆ ಮೊದಲು ಮಣ್ಣು ತುಂಬಿ ಮುಚ್ಚಿಬಿಡೋಣ ಎಂದು ಆಕೆ ಎರಡು ಸಲ ಹೇಳಿದಳು. ಹೈದರಾಬಾದಿನಿಂದ ದೊಡ್ಡವರು ಬರುವವರಿದ್ದರು. ಮುಚ್ಚಿದರೆ ಅವರಿಗೇನು ತೋರಿಸಲಿ ಎಂದು ಬರೀ ದಪ್ಪ ಬಟ್ಟೆಯ ತಾಡಪತ್ರಿ ಹೊದಿಸಿದೆ. ಅವರು ಬಂದ ದಿನ ಬಿಸಿಲು ಭಾಳ. ಅದೇ ತಾಡಪತ್ರಿ ಬಿಚ್ಚಿಸಿ ಅವರ ಊಟಕ್ಕೆ ಚಪ್ಪರ ಹಾಕಿಸಿದೆ. ಉಂಡರು, ಹೋದರು, ದಿಬ್ಬ ಹತ್ತಲಿಲ್ಲ. ಸಂಜೆ ಮಳೆ ಹೊಡೆಯಿತು. ಸೈದಾನಬಿ ಮನೆಯಿಂದ ಕೌದಿ ತಂದು ಗೋಡೆಗೆ ಹೊದಿಸಿದಳು. ಕೌದಿ ಎಷ್ಟು ತಡೆದೀತು? ಒಂದು ತಾಸಿನಲ್ಲಿ ಎಲ್ಲ ರಾಡಿಯಾಯಿತು.

ಕಣಜ ಕರಗಿದ್ದೇಕೆ ಎಂದು ದಫ್ತರದಿಂದ ಜವಾಬು ಕೇಳಿ ಕಾಗದ ಬಂತು. ನನಗೆ ಲಗ್ನದ ವಯಸ್ಸಿನ ಮೂವರು ಹೆಣ್ಣುಮಕ್ಕಳಿದ್ದರು. ಇದನ್ನೇಕೆ ಹೇಳುತ್ತಿದ್ದೇನೆ? ಬಿಡಿ. ತಾಡಪತ್ರಿಯನ್ನು ಕೂಲಿಯವಳು ಸೈದಾನಬಿ ಕದ್ದೊಯ್ದಳು ಎಂದು ಬರೆದು ಸಹಿ ಮಾಡಿದೆ. ಪೊಲೀಸ್ ಕಾರ್ಯಾಚರಣೆಯ ನಂತರದ ಆ ದಿನಗಳಲ್ಲಿ ಅಂಥ ಹೆಸರಿನವರ ಮೇಲೆ ಏನು ಬರೆದರೂ ನಂಬುತ್ತಿದ್ದರು. ನನಗದು ಗೊತ್ತಿತ್ತು. ನೀವೂ ನಂಬಿದಿರಿ. ಕೂಲಿಗೆ ಕರೆಯುವುದು ಬಿಟ್ಟಿರಿ. ಬಾವಿಯ ಹತ್ತಿರ ಕಳ್ಳಿ ಎಂದಿರಿ. ಆಕೆ ಊರು ಬಿಟ್ಟಳು.

ಹೋದ ವಾರ ಶಹಾಬಾದಿನ ಕಲ್ಲಿನ ಖಣಿಯಲ್ಲಿ ಆಕೆಯನ್ನು ಕಂಡೆ. ತಪ್ಪಾಯಿತು, ದಫ್ತರಕ್ಕೆ ಬರೆದು ಸರಿಪಡಿಸುತ್ತೇನೆ ಎಂದೆ. ಆಕೆ ಸುತ್ತಿಗೆ ಕೆಳಗಿಡಲಿಲ್ಲ.

“ನನಗ ಓದಾಕ ಬರಂಗಿಲ್ರಿ. ಕಾಗದ ತಗೊಂಡು ಏನ್ ಮಾಡ್ಲಿ? ನನ್ನ ಕಳ್ಳಿ ಅಂದೋರು ಕಾಳಗ್ಯಾಗ ಅದಾರ. ಅವರ ಮುಂದ ನಿಂತು ಹೇಳ್ರಿ.”

ನಿಂತಿದ್ದೇನೆ. ಕಣಜ ಗುರುತಿಸಿದವಳು ಸೈದಾನಬಿ. ಕೆಡಿಸಿದವನು ನಾನು. ಆಕೆ ಏನನ್ನೂ ಕದಿಯಲಿಲ್ಲ.

ಊರವರು ಬಂದು ಕರೆದರೆ ಬರುತ್ತೀಯಾ ಎಂದೂ ಕೇಳಿದೆ. ಬರುವುದಿಲ್ಲ ಎಂದಳು.

ಎದ್ದು ಹೋಗದೆ ಕೇಳಿದ ನಿಮಗೆಲ್ಲ ಋಣಿ. ಚಪ್ಪಾಳೆ ಬೇಡ. ನಮಸ್ಕಾರ.