ಹಿಂದಿನ ಸೀಟಿನ ಭಾರ

ಸುಳ್ಳು ಅನ್ನೋರು ಈಗ್ಲೇ ಎದ್ದು ಹೋಗಿ. ದೆವ್ವಾನೇ ನನ್ನ ಕಂಡ್ರೆ ದಾರಿ ಬಿಡ್ತದೆ, ಅಂಥೋನು ನಾನು. ಆದ್ರೂ ನಮ್ಮ ದೊಡ್ಡಪ್ಪನ ಮಗ ಕುಳ್ಳಯ್ಯನ ಕತೆ ಮಾತ್ರ ಬೇರೆ.

ಹಿರೇರ ಹಬ್ಬದ ರಾತ್ರಿ. ಪಾಳ್ಯದ ದಾರೀಲಿ, ಆಲದಮರದ ಬಾವಿ ಹತ್ರ, ಕುಳ್ಳಯ್ಯ ಟಿವಿಎಸ್ ತಳ್ಕೊಂಡು ಬರ್ತಿದ್ದ. ಪೆಟ್ರೋಲಿತ್ತು. ಹತ್ತಿ ಕೂರೋ ಮನಸ್ಸಿರಲಿಲ್ಲ. ಹ್ಯಾಂಡಲಿನ ಚೀಲದಲ್ಲಿ ಬಾಳೆಹಣ್ಣು... ತೀರಿಹೋದ ಹೆಂಡತಿ ಮುನಿಯಮ್ಮನಿಗೆ ಇಟ್ಟ ಎಡೆ.

ಅವನಿಗೆ ಗುಡ್ಡದ ಹಳೇ ಸುರಂಗದಲ್ಲಿ ಕಾವಲು ಕೆಲಸ. ಒಳಗೆ ವಿಜ್ಞಾನಿಗಳು ಸೀಸದ ಗೂಡು ಕಟ್ಟಿ ಒಂದು ಯಂತ್ರ ಇಟ್ಟಿದ್ರು. ಅಲ್ಲಿಯ ಸುಚಿತ್ರಾ ಮೇಡಂ ಹಿಂದೊಮ್ಮೆ ಹೇಳಿದ್ರು: "ಲೋಕದ ತುಂಬ ಕಪ್ಪು ದ್ರವ್ಯ ಅಂತ ಒಂದಿದೆ ಕುಳ್ಳಯ್ಯ. ಕಣ್ಣಿಗೆ ಕಾಣಲ್ಲ, ಕೈಗೆ ಸಿಗಲ್ಲ, ನಮ್ಮ ಮೈಯೊಳಗೇ ಹಾದು ಹೋಗುತ್ತೆ. ಆದ್ರೆ ಭಾರ ಇದೆ. ಎಂದಾದ್ರೂ ತಾಗಿದ್ರೆ ಈ ಯಂತ್ರ ಟಿಕ್ ಅನ್ನುತ್ತೆ."

ಕಾಣಲ್ಲ, ಸಿಗಲ್ಲ, ಆದ್ರೂ ಐತೆ... ಕುಳ್ಳಯ್ಯನಿಗೆ ಇನ್ಯಾರು ನೆನಪಾದಾರು? ಹಬ್ಬದ ದಿನ ಸಂಜೆ ಎಡೇನ ಮನೇಲಿ ಇಡಲಿಲ್ಲ. ಗೂಡಿನ ಬಾಗಿಲು ತೆಗೆದು ಯಂತ್ರದ ಪಕ್ಕ ಇಟ್ಟು ಪಿಸುಗುಟ್ಟಿದ: "ಬಂದಿದ್ರೆ ಒಂದ್ ಸದ್ದು ಮಾಡೇ."

ಟಿಕ್... ಟಿಕ್... ಟಿಕ್...

ಕುಳ್ಳಯ್ಯ ಅತ್ತುಬುಟ್ಟ. ಮೇಡಂ ಓಡಿ ಬಂದ್ರು, ಕಪ್ಪು ದ್ರವ್ಯ ಸಿಕ್ತು ಅಂತ ಅವರ ಕಣ್ಣಲ್ಲೂ ಸಂತೋಷದ ನೀರು. ಆಮೇಲೆ ಹಣ್ಣು ಕಾಣಿಸ್ತು.

"ಅಯ್ಯೋ... ಇದರ ಸದ್ದು ಕುಳ್ಳಯ್ಯ. ಬಾಳೆಹಣ್ಣಲ್ಲೂ ಚೂರು ವಿಕಿರಣ ಇರುತ್ತೆ. ಅದಕ್ಕೇ ಹೊರಗಿಂದು ಏನೂ ತರಬೇಡ ಅಂದಿದ್ದು."

ಹಣ್ಣು ತೆಗೆದ್ರು. ಯಂತ್ರ ಸುಮ್ಮನಾಯ್ತು.

"ಹಂಗಾದ್ರೆ... ಅವಳಲ್ವಾ ಮೇಡಂ?"

ಮೇಡಂ ಹಣ್ಣನ್ನ ಚೀಲಕ್ಕೆ ಹಾಕಿ ಅವನ ಕೈಗೆ ಕೊಟ್ರು.

ವಾಪಸ್ ಬರ್ತಾ ಬಾವಿ ಹತ್ರ ನಿಂತು ಕುಳ್ಳಯ್ಯ ಕತ್ತಲಿಗೆ ಅಂದ: "ನೀನು ಎಲ್ಲೂ ಇಲ್ಲ ಬುಡು." ಕಿಕ್ ಹೊಡೆದು ಸೀಟು ಹತ್ತಿದ.

ಕಿಯ್ಯ್...

ಹಿಂದಿನ ಸ್ಪ್ರಿಂಗು ಕುಸೀತು. ಮುನಿಯಮ್ಮ ಎಡಗಡೆಗೆ ಕಾಲು ಇಳಿಬಿಟ್ಟು ಕೂತಾಗ ಆಗ್ತಿದ್ದ ಸದ್ದು. ಅವನು ತಿರುಗಿ ನೋಡಲಿಲ್ಲ. ಕಾಣಲ್ಲ ಅಂತ ಮೇಡಂ ಹೇಳಿದ್ರಲ್ಲ.

"ಗಟ್ಟಿಯಾಗಿ ಹಿಡ್ಕಳೇ. ಗುಂಡಿ ಐತೆ."

ಮನೆ ಮುಂದೆ ನಿಲ್ಲಿಸಿದ. ಅವನಿನ್ನೂ ಇಳಿದಿರಲಿಲ್ಲ. ಟಕ್... ಸ್ಪ್ರಿಂಗು ಮೇಲೆದ್ದಿತು.

"ಒಳಗ್ ಬಾರೇ..." ಬೆಳಗಿನವರೆಗೂ ಬಾಗಿಲು ಹಾಕಲಿಲ್ಲ. ಯಾರೂ ಬರಲಿಲ್ಲ.

ಈಗ್ಲೂ ಆ ಬಾವಿ ಹತ್ರ ದಿನಾ ಗಾಡಿ ನಿಲ್ಲಿಸಿ ಕಾಯ್ತಾನೆ. ಮೊನ್ನೆ ರಿಪೇರಿ ಬಸವಯ್ಯ ಬೈದ: "ಏನ್ ಮಾರಾಯ, ಎಡಗಡೆ ಸ್ಪ್ರಿಂಗು ಕೂತೇಬುಟ್ಟೈತೆ! ಯಾವ ಹೆಂಗಸನ್ನ ಕೂರಿಸ್ಕಂಡು ತಿರುಗ್ತೀಯ?"

ಆ ಎರಡೂ ಸ್ಪ್ರಿಂಗು ಹಾಕಿಸಿದ್ದೇ ಮುನಿಯಮ್ಮ ಹೋದ್ಮೇಲೆ ಕಣ್ರೀ. ಹಿಂದೆ ಯಾರನ್ನೂ ಕೂರಿಸಿಲ್ಲ ಅವನು. ನಾನೇ ಕೈಯಲ್ಲಿ ಹಿಡಿದು ನೋಡಿದೀನಿ. ಬಲಗಡೇದು ಹೊಸದರ ಹಂಗೇ ಐತೆ.